ಮೀನು ಇರಲಿ ಬಿಡಿ, ಮೊದಲು ಮಗುವಿನ ಕಿಡ್ನಿ ಸ್ಕ್ಯಾನ್ ಮಾಡಿಸಿ

ಚಿಂಚವಡದ ಅಣ್ಣಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಅಂಗಡಿ ಮುಚ್ಚಿ ಬಂದು ಈಗ ಬರೆಯುತ್ತಿದ್ದೇನೆ. ಎರಡು ತಿಂಗಳ ಮಗುವಿಗೆ ಅನಿರಿಡಿಯಾ ಅಂದಿದ್ದಾರೆ, ಪಾಪೆಯ ಸುತ್ತ ಇರಬೇಕಾದ ಬಣ್ಣದ ಪರದೆಯೇ ಬೆಳೆದಿಲ್ಲ. ಮನೆಯ ಹಿರಿಯರು ನಿಮ್ಮ ಟ್ಯಾಂಕಿನ ಕೇವ್ ಟೆಟ್ರಾ ತೋರಿಸಿ, ಕಣ್ಣಿಲ್ಲದ ಮೀನು ಸಾಕಿದ್ದಕ್ಕೇ ಹೀಗಾಯಿತು, ಹೊರಗೆ ಹಾಕು ಅನ್ನುತ್ತಿದ್ದಾರೆ. ಮೀನಿಗೂ ಮಗುವಿಗೂ ಒಂದೇ ಜೀನ್ ಕೆಟ್ಟಿದೆಯಾ ಅಂತ ನೀವು ಕೇಳಿದ್ದೀರಿ.

ಇಲ್ಲ. ನನ್ನ ಮಗಳಿಗೂ ಇದೇ ತೊಂದರೆ, ಈಗ ಒಂಬತ್ತು ವರ್ಷ. ಆಗ ನಮ್ಮ ಮನೆಯಲ್ಲಿ ಮೀನು ಇರಲಿಲ್ಲ, ಹಾಗಾಗಿ ಗ್ರಹಣದ ಮೇಲೆ ಹಾಕಿದರು!

ಅನಿರಿಡಿಯಾ ಇರುವ ಹೆಚ್ಚಿನವರಲ್ಲಿ ಕೆಟ್ಟಿರುವುದು ಪ್ಯಾಕ್ಸ್-6 ಅನ್ನುವ ಜೀನ್. ಅದರಿಂದ ಆಗುವ ಪ್ರೋಟೀನ್ ಕಟ್ಟಡದ ಮೇಸ್ತ್ರಿ ಇದ್ದ ಹಾಗೆ. ತಾನು ಇಟ್ಟಿಗೆ ಹೊರುವುದಿಲ್ಲ. ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳಿಗೆ ನೀನು ಶುರು ಮಾಡು, ನೀನು ನಿಲ್ಲಿಸು ಅನ್ನುತ್ತದೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆಹ್ರಿಂಗ್ ಅವರ ತಂಡ ಇಲಿಯ ಈ ಜೀನನ್ನು ಹಣ್ಣಿನ ನೊಣದ ಕಾಲಲ್ಲಿ, ರೆಕ್ಕೆಯಲ್ಲಿ ಕೆಲಸ ಮಾಡಿಸಿತು. ಅಲ್ಲೇ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ ಕಣ್ಣು. ಮೇಸ್ತ್ರಿ ಹೊರಗಿನವನು, ಗಾರೆಯವರು ಊರಿನವರು ಅಲ್ವಾ!

ನಮ್ಮೆಲ್ಲರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, 11ನೇ ಕ್ರೋಮೋಸೋಮ್ ಜೋಡಿಯಲ್ಲಿ. ಒಂದು ಕೆಟ್ಟರೆ ಪ್ರೋಟೀನ್ ಅರ್ಧ ಮಾತ್ರ, ಅಷ್ಟು ಕಣ್ಣಿಗೆ ಸಾಲದು. ಜಾಸ್ತಿ ಆದರೂ ಕಷ್ಟವೇ. ಹೆಚ್ಚು ಪ್ರತಿ ಸೇರಿಸಿದ ಇಲಿಗಳ ಕಣ್ಣೂ ಕೆಟ್ಟಿವೆ. ಅಡುಗೆಯ ಉಪ್ಪಿನ ಲೆಕ್ಕ. ಇದರಲ್ಲಿ ಮಗುವಿನ ತಾಯಿ, ನಮ್ಮ ವೈನಿ, ತಿಂದದ್ದು, ನೋಡಿದ್ದು ಏನೂ ಬರುವುದಿಲ್ಲ. ಅವರಿಗೆ ಇದನ್ನು ನೀವೇ ಹೇಳಿ.

ಇನ್ನು ಮೀನು. ಮೆಕ್ಸಿಕೋದ ಗುಹೆಗಳ ಈ ಮೀನಿನಲ್ಲಿ ಪ್ಯಾಕ್ಸ್-6 ಜೀನ್ ಸರಿಯಾಗಿಯೇ ಇದೆ. ಸಾನಿಕ್ ಹೆಡ್ಜ್‌ಹಾಗ್ ಅನ್ನುವ ಇನ್ನೊಂದು ಸಂಕೇತ ಅಗಲವಾಗಿ ಹರಡಿ, ಪ್ಯಾಕ್ಸ್-6 ಕೆಲಸ ಮಾಡುವ ಜಾಗವನ್ನು ಕಿರಿದು ಮಾಡುತ್ತದೆ. ಮರಿಗೆ ಕಣ್ಣು ಮೊದಲು ಮೂಡುತ್ತದೆ, ಆಮೇಲೆ ಲೆನ್ಸ್ ಸತ್ತು ಕಣ್ಣು ಒಳಗೆ ಕುಸಿಯುತ್ತದೆ. 2000ದಲ್ಲಿ ವಿಜ್ಞಾನಿಗಳು ಹೊಳೆಯಲ್ಲಿರುವ ಕಣ್ಣುಳ್ಳ ಬಳಗದ ಲೆನ್ಸನ್ನು ಗುಹೆ ಮೀನಿನ ಭ್ರೂಣಕ್ಕೆ ಇಟ್ಟರು. ಆ ಬದಿಯಲ್ಲಿ ಕಣ್ಣು ಬೆಳೆಯಿತು! ಇದು ಓದಿದ ರಾತ್ರಿ ನಾನು ಟ್ಯಾಂಕಿನ ಮುಂದೆ ಸುಮ್ನೆ ಕೂತುಬಿಟ್ಟಿದ್ದೆ.

ಈಗ ಅವಸರದ್ದು. ನಿಮ್ಮ ಎರಡೂ ಕಡೆ ಯಾರಿಗೂ ಇಲ್ಲ ಅಂದಿದ್ದೀರಿ. ಅಂಥ ಮಕ್ಕಳಲ್ಲಿ ಕೆಲವೊಮ್ಮೆ ಪ್ಯಾಕ್ಸ್-6 ಜೊತೆ ಪಕ್ಕದ ಡಬ್ಲ್ಯೂಟಿ-1 ಜೀನೂ ಸೇರಿ ಒಂದು ತುಂಡೇ ಕಳಚಿರುತ್ತದೆ. ಹಾಗಿದ್ದರೆ ಕಿಡ್ನಿಯಲ್ಲಿ ವಿಲ್ಮ್ಸ್ ಅನ್ನುವ ಕ್ಯಾನ್ಸರ್ ಗಡ್ಡೆ ಬರುವ ಅಪಾಯ ಇದೆ. ನಮಗೆ ಇದನ್ನು ಮೊದಲ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಮಗಳಿಗೆ ಹದಿನಾಲ್ಕು ತಿಂಗಳಾದಾಗ ಬೇರೆ ಡಾಕ್ಟರ್ ಕೇಳಿದರು, ಸ್ಕ್ಯಾನ್ ಎಲ್ಲಿ ಅಂತ. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಪುಣ್ಯ, ಕಿಡ್ನಿ ಚೆನ್ನಾಗಿತ್ತು. ಜೀನ್ ಪರೀಕ್ಷೆಗೆ ಕೊಡುವಾಗ ಡಬ್ಲ್ಯೂಟಿ-1 ಕಳಚಿದೆಯಾ ಎನ್ನುವುದನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ವರದಿ ಬರುವವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಬಿಡಬೇಡಿ.

ನೀವಿಬ್ಬರೂ ಕಣ್ಣು ತೋರಿಸಿಕೊಳ್ಳಿ. ತೀರಾ ಸಣ್ಣ ಮಟ್ಟದ ತೊಂದರೆ ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ಮಗುವಿನ ಕಣ್ಣಿನ ಒತ್ತಡ ಆಗಾಗ ನೋಡಿಸಬೇಕು. ಒತ್ತಡ ಏರಿ ಕಣ್ಣಿನ ನರ ಕೆಡುವ ಗ್ಲಾಕೋಮಾ ದೊಡ್ಡವರಾದ ಮೇಲೂ ಬರಬಹುದು, ಹಾಗಾಗಿ ಇದು ಜೀವನಪೂರ್ತಿ. ಬಿಸಿಲಿಗೆ ಅಂಚಿರುವ ಟೋಪಿ, ಆಮೇಲೆ ಬಣ್ಣದ ಕನ್ನಡಕ. ನನ್ನ ಮಗಳು ಶಾಲೆಯಲ್ಲಿ ಮೊದಲ ಬೆಂಚು, ದೊಡ್ಡ ಅಕ್ಷರದ ಪುಸ್ತಕ. ಚೌಕಾಬಾರದಲ್ಲಿ ನನ್ನನ್ನು ಸೋಲಿಸುತ್ತಾಳೆ.

ಮೀನಿನದ್ದು ಎರಡೇ ಮಾತು. ಫೋಟೋದಲ್ಲಿರುವ ಚೂಪು ಕಲ್ಲು ತೆಗೆಯಿರಿ, ಮೈ ಗೀಚಿಕೊಳ್ಳುತ್ತವೆ. ಉದ್ದ ರೆಕ್ಕೆಯ ಗಪ್ಪಿ ಜೊತೆ ಬಿಡಬೇಡಿ, ಕಚ್ಚುತ್ತವೆ.