ಟೊಮೆಟೊ ರೇಟು ಕೇಳಿದ ಮುದುಕರನ್ನು ಬಿಟ್ಟು ಎಲ್ಲಿಗೆ ಹೋದಿರಿ?

ಆತ್ಮೀಯರೇ,

ನಿಮ್ಮ ಹದಿನಾಲ್ಕು ಪುಟಗಳ ಬರಹವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. 'ಮುಲಾಜಿಲ್ಲದೆ ತಿಳಿಸಿ' ಎಂದು ಬರೆದಿದ್ದೀರಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ. (ಹಾಗೆ ಬರೆಯುವ ಹೆಚ್ಚಿನವರಿಗೆ ಮುಲಾಜು ಬೇಕೇ ಇರುತ್ತದೆ. ನೀವು ಅವರಲ್ಲ ಎಂದುಕೊಂಡಿದ್ದೇನೆ.)

ನಲವತ್ತೊಂದನೇ ವಯಸ್ಸಿಗೆ ಹೃದಯಾಘಾತ, ಎರಡು ಸ್ಟೆಂಟು, ಆರು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ 'ಉಳಿದ ಆಯುಷ್ಯವೆಲ್ಲ ಬರವಣಿಗೆಗೆ' ಎಂಬ ನಿರ್ಧಾರ. ನಿರ್ಧಾರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊದಲ ಎಂಟು ಪುಟಗಳಲ್ಲಿ ಆ ನಿರ್ಧಾರ ಬಿಟ್ಟರೆ ಬೇರೇನೂ ಇಲ್ಲ. ನೀರ ಮೇಲಿನ ಗುಳ್ಳೆ ಮೂರು ಕಡೆ ಒಡೆದಿದೆ, ಗಾಳಿಗಿಟ್ಟ ದೀಪ ಎರಡು ಕಡೆ ಆರಿದೆ. ಇದನ್ನೆಲ್ಲ ದಾಸರು ತಂಬೂರಿ ಮೀಟಿಕೊಂಡು ಹಾಡಿ, ನಮ್ಮ ಅಜ್ಜಿಯಂದಿರಿಗೂ ಬಾಯಿಪಾಠ ಮಾಡಿಸಿ ಹೋಗಿದ್ದಾರೆ. ನಿಮಗೆ ಆದ ನೋವು ನಿಜ. ಆ ವಾಕ್ಯಗಳು ಮಾತ್ರ ನಿಮ್ಮವಲ್ಲ.

ಒಂಬತ್ತನೇ ಪುಟಕ್ಕೆ ಬಂದಾಗ ಕೈಲಿದ್ದ ಕಾಫಿ ಕೆಳಗಿಟ್ಟೆ. ಪಕ್ಕದ ಹಾಸಿಗೆಯಲ್ಲಿ ಚಿಂತಾಮಣಿ ಕಡೆಯ ಮುದುಕರು. ಮೂಗಿಗೆ ಆಕ್ಸಿಜನ್ ನಳಿಕೆ. ಸಂಜೆ ನೋಡಲು ಬಂದ ಮಗನನ್ನು ಅವರು ಕೇಳುವುದು ಒಂದೇ ಮಾತು: 'ಬಾಕ್ಸು ಎಷ್ಟಕ್ಕೆ ಹೋಯ್ತು?' ಕೋಲಾರದ ಮಂಡಿಗೆ ಹಾಕಿದ ಟೊಮೆಟೊ ರೇಟು. ಮಗ ಒಂದು ಕ್ಷಣ ಕಿಟಕಿಯತ್ತ ನೋಡಿ 'ಏಳ್ನೂರು, ಅಪ್ಪಾ' ಅನ್ನುತ್ತಾನೆ. ಮುದುಕರು ಕಣ್ಣು ಮುಚ್ಚಿಕೊಂಡು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ನೀವು ಎದ್ದಾಗ ಆ ಹಾಸಿಗೆಗೆ ಹೊಸ ದುಪ್ಪಟಿ ಹಾಸಿರುತ್ತದೆ.

ಇಷ್ಟು ಬರೆದವರು ಮರುಸಾಲಿನಲ್ಲೇ 'ಇಷ್ಟೇ ಅಲ್ಲವೇ ಜೀವನ!' ಎಂದು ಉದ್ಗರಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಸಿಟ್ಟು ಬಂದದ್ದು ಅಲ್ಲಿ. ಮಗ ಹೇಳಿದ್ದು ಸುಳ್ಳೆಂದು ನಿಮಗೆ ಯಾವಾಗ ಅನ್ನಿಸಿತು? ಆತ ಕಾರಿಡಾರಿನಲ್ಲಿ ಫೋನಿನಲ್ಲಿ ಯಾರೊಂದಿಗಾದರೂ ಮಾತಾಡಿದ್ದನ್ನು ಕೇಳಿಸಿಕೊಂಡಿರಾ? ಮುದುಕರು ಬೆರಳು ಮಡಿಸುತ್ತಿದ್ದದ್ದು ಯಾವ ಸಾಲಕ್ಕೆ? ಅವರಿಗೂ ಸುಳ್ಳೆಂದು ಗೊತ್ತಿತ್ತೇ? ನಿಮ್ಮ ಕತೆ ಇಲ್ಲಿದೆ. ಉಳಿದ ಹದಿಮೂರು ಪುಟಗಳನ್ನು ಬಿಸಾಡಿದರೂ ನಷ್ಟವಿಲ್ಲ.

ಕವಿ ಮುದ್ದಣ ನೆನಪಾದ. ನಿಜ ಹೆಸರು ನಂದಳಿಕೆಯ ಲಕ್ಷ್ಮೀನಾರಣಪ್ಪ. ಹೊಟ್ಟೆಪಾಡಿಗೆ ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುತ್ತಿದ್ದ ಮೇಷ್ಟ್ರು. ಬಡತನ, ಮೇಲೆ ಕ್ಷಯ. 1901ರಲ್ಲಿ ತೀರಿಕೊಂಡಾಗ ಮೂವತ್ತೊಂದು ವರ್ಷ. ಆತನ ರಾಮಾಶ್ವಮೇಧವನ್ನು ತೆರೆದು ನೋಡಿ, ಕೆಮ್ಮಿನ ಒಂದು ಸದ್ದೂ ಇಲ್ಲ. ಮಳೆಗಾಲ, ಮನೆ, ಗಂಡ-ಹೆಂಡಿರ ಸರಸ. ಕತೆ ಹೇಳಿದರೆ ಏನು ಕೊಡುತ್ತೀ ಎನ್ನುವ ಮುದ್ದಣ, ಸಂಸ್ಕೃತ ಸಾಕು, ಕನ್ನಡದಲ್ಲಿ ಹೇಳಿ ಎಂದು ಕಾಲೆಳೆಯುವ ಹೆಂಡತಿ ಮನೋರಮೆ. ಆಯುಷ್ಯ ಅಷ್ಟು ಕಡಿಮೆಯಿದ್ದವನು ಹೆಂಡತಿ ಮಾತಿನ ನಡುವೆ ಬಾಯಿ ಹಾಕುವುದನ್ನು ಬರೆಯಲು ಪುಟಗಟ್ಟಲೆ ಪುರುಸೊತ್ತು ಮಾಡಿಕೊಂಡ. ಇನ್ನೊಂದು ವಿಷಯ, ಸಂಪಾದಕನಾಗಿ ನನಗೆ ಬಹಳ ಇಷ್ಟವಾದದ್ದು: ಕೃತಿ ತನ್ನದೆಂದು ಹೇಳಿಕೊಳ್ಳದೆ, ಯಾವುದೋ ಹಳೆಯ ಕವಿಯದು ಎಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸುತ್ತಿದ್ದ. ಹೆಸರು ಉಳಿಸಿಕೊಳ್ಳುವ ಆತುರ ಇದ್ದವನು ಮಾಡುವ ಕೆಲಸವೇ ಅದು?

ನಿಮಗೆ ಆ ಆತುರ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಹಾಕದಿದ್ದರೆ ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡುವುದಾಗಿಯೂ, ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಡುವುದಾಗಿಯೂ ತಿಳಿಸಿದ್ದೀರಿ. ಪುಸ್ತಕ ನಿಮ್ಮಿಷ್ಟ, ಐನೂರು ಪ್ರತಿಯಲ್ಲಿ ನಾನೂರು ಮಂಚದ ಕೆಳಗೆ ಸೇರಿದ ಮನೆಗಳನ್ನು ನಾನು ಕಂಡಿದ್ದೇನೆ. ಕೆಲಸ ಮಾತ್ರ ಬಿಡಬೇಡಿ. ತಿಂಗಳ ಮಾತ್ರೆಗೆ ದುಡ್ಡು ಬೇಕು, ಜೊತೆಗೆ ಕೌಂಟರಿನ ಆಚೆ ಪಾಸ್‌ಬುಕ್ ಹಿಡಿದು ನಿಂತವರನ್ನು ದಿನಾ ನೋಡುವ ಜಾಗ ಎಲ್ಲರಿಗೂ ಸಿಗುವುದಿಲ್ಲ. ಬೆಳಿಗ್ಗೆ ಡಾಕ್ಟರು ಹೇಳಿದಷ್ಟು ನಡೆದು ಬಂದು, ಅರ್ಧ ಗಂಟೆ ಬರೆಯಿರಿ. ಆ ದಿನ ಅರ್ಧ ಪುಟ ಆದರೂ ಆಯಿತು.

ಪ್ರತಿಯನ್ನು ವಾಪಸು ಕಳಿಸಿದ್ದೇನೆ. ಒಂಬತ್ತನೇ ಪುಟದಲ್ಲಿ ಒಂದು ಅಕ್ಷರಕ್ಕೂ ಪೆನ್ಸಿಲ್ ತಾಗಿಸಿಲ್ಲ. ಯುಗಾದಿ ಕಳೆದ ಮೇಲೆ ಅದೊಂದನ್ನೇ ಬೆಳೆಸಿ ಕಳಿಸಿ, ನಾನೇ ಓದುತ್ತೇನೆ. ಕಳಿಸುವ ಮೊದಲು ಒಂದು ವಿಚಾರಿಸಿಕೊಳ್ಳಿ: ಆವತ್ತು ಕೋಲಾರದಲ್ಲಿ ಬಾಕ್ಸು ನಿಜಕ್ಕೂ ಎಷ್ಟಕ್ಕೆ ಹೋಗಿತ್ತು?

ಇಂತಿ,
ಸಂಪಾದಕ