ಕ್ಯಾಲ್ಸಿಯಂ ದಾಟಿದ ಮೇಲೆ ಅಷ್ಟಕ ಯಾಕೆ ತಪ್ಪಿತು?

ಪ್ರಶ್ನೆ: ನಾನು ತೀರ್ಥಹಳ್ಳಿಯ ಹತ್ತನೇ ತರಗತಿ ವಿದ್ಯಾರ್ಥಿನಿ. ‘ನ್ಯೂಲ್ಯಾಂಡ್ಸ್‌ ಅಷ್ಟಕ ನಿಯಮ ಕ್ಯಾಲ್ಸಿಯಂವರೆಗೆ ಮಾತ್ರ ಸರಿಹೋಗುತ್ತದೆ’ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಸರ್, ಸರಿಯಾಗಿ ಅಲ್ಲೇ ಯಾಕೆ ನಿಲ್ಲುತ್ತದೆ?

ಉತ್ತರ: ಅಂಕ ಸಿಕ್ಕ ಮೇಲೂ ಬಿಡದೆ ಕೇಳಿದ್ದೀರಲ್ಲ, ಖುಷಿಯಾಯಿತು.

1829ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಡೊಬರೈನರ್ ಒಂದೇ ಬಗೆಯ ಗುಣವಿರುವ ಧಾತುಗಳನ್ನು ಮೂರು ಮೂರಾಗಿ ಜೋಡಿಸಿದ್ದರು. ಪರಮಾಣು ತೂಕ ನೋಡಿ: ಲಿಥಿಯಂ 7, ಪೊಟ್ಯಾಸಿಯಂ 39. ಇವುಗಳ ಸರಾಸರಿ 23, ಅದೇ ಸೋಡಿಯಂ. ಚೆಂದ ನಿಜ, ಆದರೆ ಬಹಳಷ್ಟು ಧಾತುಗಳು ಹೀಗೆ ಮೂರರ ಗುಂಪಿಗೆ ಸಿಗಲೇ ಇಲ್ಲ.

ಇಂಗ್ಲೆಂಡಿನ ರಸಾಯನ ವಿಜ್ಞಾನಿ ನ್ಯೂಲ್ಯಾಂಡ್ಸ್ 1865ರಲ್ಲಿ ಧಾತುಗಳನ್ನು ಪರಮಾಣು ತೂಕದ ಪ್ರಕಾರ ಏಳೇಳರಂತೆ ಸಾಲಾಗಿ ಬರೆದರು. ಸ ರಿ ಗ ಮ ಪ ದ ನಿ ಆದ ಮೇಲೆ ಮತ್ತೆ ಸ ಬರುತ್ತದಲ್ವಾ, ಹಾಗೆ ಪ್ರತಿ ಎಂಟನೆಯ ಧಾತು ಮೊದಲನೆಯದರ ಗುಣವನ್ನೇ ಹೋಲುತ್ತದೆ ಎನ್ನುವುದೇ ಅಷ್ಟಕ ನಿಯಮ. ಲಿಥಿಯಂನಿಂದ ಎಣಿಸಿದರೆ ಎಂಟನೆಯದು ಅದನ್ನು ಹೋಲುವ ಸೋಡಿಯಂ. ಅಲ್ಲಿಂದ ಎಂಟನೆಯದು ಪೊಟ್ಯಾಸಿಯಂ.

ಕ್ಯಾಲ್ಸಿಯಂ ಆದ ಮೇಲೆ ಪ್ರಕೃತಿ ಸ್ಕ್ಯಾಂಡಿಯಂನಿಂದ ಸತುವಿನವರೆಗೆ ಹತ್ತು ಲೋಹಗಳನ್ನು ನಡುವೆ ಇಟ್ಟಿದೆ. ಅಲ್ಯೂಮಿನಿಯಂ ಹೋಲುವ ಗ್ಯಾಲಿಯಂ ಬರುವುದು ಅವೆಲ್ಲ ಮುಗಿದ ಮೇಲೆ. ಅಂದರೆ ಅಲ್ಲಿಂದ ಸಾಲು ಉದ್ದವಾಗುತ್ತದೆ, 18 ಧಾತುಗಳಷ್ಟು. ನ್ಯೂಲ್ಯಾಂಡ್ಸ್ ಮಾತ್ರ ಏಳನ್ನು ಬಿಡಲಿಲ್ಲ. ಹೊಸ ಧಾತು ಸಿಗಬಹುದು ಎಂದು ಆ ಪಟ್ಟಿಯಲ್ಲಿ ಖಾಲಿ ಜಾಗವನ್ನೂ ಇಡಲಿಲ್ಲ. ಪರಿಣಾಮ ನೋಡಿ: ಭದ್ರಾವತಿಯ ಕುಲುಮೆಯಲ್ಲಿ ಕರಗಿದ ಕಬ್ಬಿಣ ಆಮ್ಲಜನಕ, ಗಂಧಕಗಳ ಜೊತೆ ಕೂತಿತು. ನಮ್ಮ ಕುಂಸಿಯಲ್ಲಿ ಅಗೆದ ಮ್ಯಾಂಗನೀಸ್ ಸಾರಜನಕ, ರಂಜಕಗಳ ಜೊತೆ! ಕೋಬಾಲ್ಟ್, ನಿಕಲ್ ಎರಡನ್ನೂ ಒಂದೇ ಮನೆಗೆ ತುರುಕಿದರು, ಅದೂ ಫ್ಲೋರಿನ್, ಕ್ಲೋರಿನ್‌ಗಳ ಗುಂಪಿನಲ್ಲಿ.

ಹಾಗಾದರೆ ಕ್ಯಾಲ್ಸಿಯಂವರೆಗೆ ಸರಿಹೋಗಿದ್ದು ಹೇಗೆ? ಅರ್ಧ ಅದೃಷ್ಟ ಅಂತಲೇ ನನ್ನ ಲೆಕ್ಕ. ಜಡ ಅನಿಲಗಳು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಆರ್ಗಾನ್ ಸಿಕ್ಕಿದ್ದೇ 1894ರಲ್ಲಿ. ಫ್ಲೋರಿನ್, ಸೋಡಿಯಂ ನಡುವೆ ಇನ್ನೊಂದು ಜಡ ಅನಿಲ ನಿಯಾನ್ ಸೇರಿಸಿ, ಲಿಥಿಯಂನಿಂದ ಎಣಿಸಿ ನೋಡಿ, ಸೋಡಿಯಂ ಎಂಟನೆಯದಲ್ಲ, ಒಂಬತ್ತನೆಯದು.

1866ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ನ್ಯೂಲ್ಯಾಂಡ್ಸ್ ಈ ನಿಯಮವನ್ನು ಮಂಡಿಸಿದಾಗ, ಫಾಸ್ಟರ್ ಎಂಬ ಪ್ರಾಧ್ಯಾಪಕರು ‘ಅಕ್ಷರಮಾಲೆ ಪ್ರಕಾರ ಜೋಡಿಸಿ ನೋಡಿದ್ದೀರಾ?’ ಎಂದು ಕುಹಕವಾಡಿದರು. ಅಷ್ಟು ಹಂಗಿಸಬೇಕಿರಲಿಲ್ಲ. ಗುಣಗಳು ಮರುಕಳಿಸುತ್ತವೆ ಎನ್ನುವುದನ್ನು ನ್ಯೂಲ್ಯಾಂಡ್ಸ್ ಸರಿಯಾಗಿಯೇ ಹಿಡಿದಿದ್ದರು. 1887ರಲ್ಲಿ ರಾಯಲ್ ಸೊಸೈಟಿ ಅವರಿಗೆ ಡೇವಿ ಪದಕ ಕೊಟ್ಟಿತು.

ರಷ್ಯಾದ ಮೆಂಡಲೀವ್ 1869ರಲ್ಲಿ ತಮ್ಮ ಆವರ್ತ ಕೋಷ್ಟಕದಲ್ಲಿ ಹೊಸ ಧಾತುಗಳಿಗೆ ಖಾಲಿ ಜಾಗ ಬಿಟ್ಟು ಗೆದ್ದರು. ಅವರಿಗೂ ತೂಕ ಕೈಕೊಟ್ಟಿತ್ತು. ಟೆಲ್ಲೂರಿಯಂ ಅಯೋಡಿನ್‌ಗಿಂತ ಭಾರ, ಆದರೂ ಗುಣ ನೋಡಿ ಅದನ್ನು ಮೊದಲು ಇಟ್ಟರು. ಕ್ರಮ ನಿಜವಾಗಿ ನಿಂತಿರುವುದು ಪರಮಾಣು ಸಂಖ್ಯೆಯ (ಅಂದರೆ ಪರಮಾಣುವಿನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆಯ) ಮೇಲೆ ಎಂದು 1913ರಲ್ಲಿ ಮೋಸ್ಲಿಯ ಎಕ್ಸ್‌-ರೇ ಪ್ರಯೋಗ ತೋರಿಸಿತು.

ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಹೆಸರು ಹೇಳಿ ಸುಮ್ನೆ ಬಿಡಬೇಡಿ. ಕೋಬಾಲ್ಟ್–ನಿಕಲ್ ಉದಾಹರಣೆಯನ್ನೂ ಬರೆಯಿರಿ.