ಬ್ಯಾಟರಿ ಬಿಚ್ಚೋಕೆ ಯಾವ ಸ್ಪ್ಯಾನರ್?

ಪ್ರಶ್ನೆ: ನಮ್ಮದು ಹಳೇ ಮಾರುತಿ ಆಲ್ಟೊ. ಬ್ಯಾಟರಿ ನಾನೇ ಬದಲಾಯಿಸೋಣ ಅಂತಿದ್ದೇನೆ. ಮನೆಯಲ್ಲಿ ಕಟಿಂಗ್ ಪ್ಲೇಯರ್ ಇದೆ. ಸಾಕಾ, ಇಲ್ಲ ಪೂರ್ತಿ ಟೂಲ್ ಕಿಟ್ ತಗೋಬೇಕಾ?
– ಓದುಗರು, ದಾವಣಗೆರೆ

ಉತ್ತರ: ಕಿಟ್ ಬೇಡ, ಆದರೆ ಪ್ಲೇಯರ್ ಮಾತ್ರ ಮುಟ್ಟಲೇಬೇಡಿ. ಅದು ಜಾರಿ ನಟ್ಟಿನ ಮೂಲೆಗಳು ಸವೆದರೆ ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಇಂಥ ಕಾರುಗಳ ಟರ್ಮಿನಲ್ (ಬ್ಯಾಟರಿಗೆ ವೈರು ಸೇರುವ ತುದಿ) ನಟ್ ಸಾಮಾನ್ಯವಾಗಿ 10 ಎಂಎಂ, ಒಂದು ಒಳ್ಳೆಯ ರಿಂಗ್ ಸ್ಪ್ಯಾನರ್ ತಗೊಳ್ಳಿ. ಬ್ಯಾಟರಿ ಅಲುಗದಂತೆ ಹಿಡಿದಿರುವ ಕ್ಲ್ಯಾಂಪಿನ ನಟ್ ಆಳದಲ್ಲಿದ್ದರೆ ನಟ್ಟಿನ ಮೇಲೆ ಕೂರುವ ಸಾಕೆಟ್, ಅದನ್ನು ಆಳಕ್ಕೆ ಮುಟ್ಟಿಸುವ ಎಕ್ಸ್‌ಟೆನ್ಷನ್ ರಾಡ್ ಬೇಕಾಗುತ್ತದೆ.

ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಇದು ಸುಮ್ನೆ ಹೇಳುತ್ತಿಲ್ಲ. ಕಾರಿನ ಬಾಡಿ ಪೂರ್ತಿ ನೆಗೆಟಿವ್ ಅಲ್ವಾ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಸೇರಿದ್ದರೆ ಅದು ಸಿಡಿಯಲೂಬಹುದು. ಅದಕ್ಕೇ ಮೊದಲು ನೆಗೆಟಿವ್ ಬಿಚ್ಚಿ. ಹೊಸದು ಹಾಕುವಾಗ ನೆಗೆಟಿವ್ ಕೊನೆಗೆ. ಉಂಗುರ, ವಾಚು ತೆಗೆದಿಡಿ. ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಒಳಗಿರುವುದು ಆ್ಯಸಿಡ್.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಚ್ಚಿ. ಬುಸಬುಸ ನೊರೆ ಬರುತ್ತದೆ, ಅದು ನಿಂತ ಮೇಲೆ ವೈರ್ ಬ್ರಷ್‌ನಿಂದ ಉಜ್ಜಿ ಒರೆಸಿ. ವೈರಿನ ತುದಿಯ ಕ್ಲ್ಯಾಂಪ್ ಟರ್ಮಿನಲ್‌ಗೆ ಕಚ್ಚಿಕೊಂಡಿದ್ದರೂ ಸುತ್ತಿಗೆ ಬೇಡ, ಟರ್ಮಿನಲ್ ಮೆತ್ತನೆಯ ಸೀಸದ್ದು, ಕ್ಲ್ಯಾಂಪನ್ನು ಅತ್ತಿತ್ತ ತಿರುಗಿಸಿ ಎತ್ತಿ. ಕೊನೆಗೆ ತೆಳ್ಳಗೆ ವ್ಯಾಸಲೀನ್ ಸವರಿ. ಹಳೇ ಬ್ಯಾಟರಿ ಗುಜರಿಗೆ ಹಾಕಬೇಡಿ, ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡಿಕೊಡುತ್ತಾರೆ.